ಕಪ್ಪು ಪರದೆಯ ಹೆಮ್ಮೆ

ಬೆಳಗಿನ ಹೊತ್ತು ದಾನಮ್ಮ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಮನೆಯ ಈರಪ್ಪ ಬಾಗಿಲಿಗೆ ಓಡಿ ಬಂದ.

"ದಾನವ್ವಾ, ವಸತಿ ಸಾಲಿ ಲಿಸ್ಟ್ ಬಿಟ್ಟಾರಂತ! ಯಾರ ಫೋನ್‌ನ್ಯಾಗೂ ತೆರೀವಲ್ದು. ನಿನ್ನ ಮುದುಕನ್ನ ಎಬ್ಬಸ ತಾಯಿ!"

ಆ ಮುದುಕ ನಾನೇ. ನಾನು ಒಂದು ಲ್ಯಾಪ್‌ಟಾಪ್. ದಾನಮ್ಮ ಒಲೆ ಆರಿಸಿ, ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ನನ್ನ ಮುಚ್ಚಳ ತೆರೆದಳು. ನಾನು ಏಳಲು ತುಸು ಹೊತ್ತು ಬೇಕು. ಅಷ್ಟರಲ್ಲಿ ನನ್ನ ಕಥೆ ಹೇಳಿಬಿಡುತ್ತೇನೆ.

ದೂರದ ಕಾರ್ಖಾನೆಯಲ್ಲಿ ಹುಟ್ಟಿ ನಾನು ಮೊದಲು ಸೇರಿದ್ದು ಒಂದು ಪಾಲಿಟೆಕ್ನಿಕ್ಕಿನ ಲ್ಯಾಬಿಗೆ. ನಮ್ಮ ಧೂಳು ಒರೆಸುತ್ತಿದ್ದವಳು ದಾನಮ್ಮ. ಒರೆಸುತ್ತಲೇ ಮೇಷ್ಟ್ರ ಪಾಠವನ್ನೆಲ್ಲ ಕಲಿತಳು. ವರ್ಷ ಕಳೆದಂತೆ ಇಂಟರ್ನೆಟ್ಟಿನ ಪುಟಗಳು ಭಾರವಾದವು. ಚಿತ್ರ, ಜಾಹೀರಾತು, ಕುಣಿಯುವ ವಿಡಿಯೊ. ನನಗೆ ಏದುಸಿರು ಬಂತು. ಗುಜರಿಗೆ ಹಾಕುವ ದಿನ ಅವಳು, "ಇದನ್ನ ನನಗ ಕೊಡ್ರಿ ಸರ್" ಎಂದಳು.

ಮನೆಗೆ ತಂದು, ಬರೀ ಅಕ್ಷರಗಳನ್ನು ತರುವ ಪ್ರೋಗ್ರಾಂ ಒಂದನ್ನು ನನಗೆ ಹಾಕಿದಳು. ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟೇ. ಕನ್ನಡದ ಒತ್ತಕ್ಷರಗಳು ನನ್ನಲ್ಲಿ ಬಿಡಿಬಿಡಿಯಾಗಿ ಬೀಳುತ್ತವೆ. ಜೋಳ ಹಸನು ಮಾಡುವ ತಾಳ್ಮೆಯಿಂದ ಅವಳು ಅವನ್ನು ಕೂಡಿಸಿ ಓದುತ್ತಾಳೆ.

ಈ ಊರಿಗೆ ನೆಟ್ ಬರುವುದು ಗುಡ್ಡದಾಚೆಯ ಒಂದೇ ಟವರಿನಿಂದ, ತೊಟ್ಟಿಕ್ಕುತ್ತ. ಏನಾದರೂ ಲಿಸ್ಟ್ ಬಂತೆಂದರೆ ಊರೆಲ್ಲ ನೀರಿನ ಟ್ಯಾಂಕಿನ ಮೆಟ್ಟಿಲೇರಿ ಫೋನ್ ಎತ್ತಿ ಹಿಡಿಯುತ್ತದೆ. ಎಲ್ಲರೂ ಒಮ್ಮೆಗೇ ಎಳೆದರೆ ಯಾರಿಗೂ ಸಿಗದು. ಆದರೂ ಯಾರೂ ಇಳಿಯರು. ಇನ್ನೊಬ್ಬರು ಮೊದಲು ನೋಡಿಬಿಟ್ಟರೆ?

ದಾನಮ್ಮನ ಮಗಳು ಸೃಷ್ಟಿಗೆ ಹತ್ತು ವರ್ಷ. ಅವಳೂ ವಸತಿ ಶಾಲೆ ಸೇರುವ ಪರೀಕ್ಷೆ ಬರೆದಿದ್ದಳು. ಒಂದು ವಾರದಿಂದ ದಿನವೂ ನನ್ನೆದುರು ಕೂತು 'ವಸತಿ ಶಾಲೆಯಿಂದ ಮನೆಗೆ ಎಷ್ಟು' ಎಂದು ಟೈಪ್ ಮಾಡುತ್ತಿದ್ದಳು. ಮುಂದಿನದನ್ನು ಬರೆಯದೆ ಅಳಿಸುತ್ತಿದ್ದಳು. ಅವ್ವನಿಗೂ ಏನೂ ಹೇಳುತ್ತಿರಲಿಲ್ಲ.

ಅಷ್ಟರಲ್ಲಿ ನಾನು ಎದ್ದೆ. ಬರೀ ಅಕ್ಷರಗಳಾದ್ದರಿಂದ ಆ ತೊಟ್ಟಿಕ್ಕುವ ನೆಟ್ಟಿನಲ್ಲೂ ಲಿಸ್ಟ್ ಸಾಲುಸಾಲಾಗಿ ಇಳಿಯಿತು.

"ಮಾವಾರ, ನಿಮ್ಮ ಮೊಮ್ಮಗಂದು ಹನ್ನೆರಡನೇ ನಂಬರ್!" ಎಂದಳು ದಾನಮ್ಮ ಈರಪ್ಪನಿಗೆ.

ಈರಪ್ಪ ಅಂಗಳಕ್ಕೆ ಜಿಗಿದು ಟ್ಯಾಂಕಿನ ಕಡೆ ಕೂಗಿದ: "ಇಳೀರಲೇ ಮಂಗ್ಯಾಗಳ್ರಾ! ಫೋನ್ ಕಿಸೆದಾಗ ಇಟ್ಕೊಂಡು ಇಲ್ಲಿ ಬರ್ರಿ!"

ಮನೆ ತುಂಬಿತು. ದಾನಮ್ಮನ ಬೆರಳು ಮೂವತ್ತೊಂದನೆಯ ಸಾಲಿನಲ್ಲಿ ನಿಂತಿತು.

"ನಮ್ಮ ಸೃಷ್ಟಿ!" ಎಂದಳು. 

ನನ್ನ ಎದೆಯೊಳಗಿನ ಫ್ಯಾನು ಜೋರಾಗಿ ತಿರುಗಿತು. ಗುಜರಿಗೆ ಹೊರಟಿದ್ದ ನಾನು ಇಡೀ ಊರಿಗೆ ಮೊದಲು ಸುದ್ದಿ ತಂದೆ. ಚೆಂದ ತೋರಿಸಲು ನನಗೆ ಬಾರದು. ಬೇಕಾದದ್ದನ್ನು ತಂದುಕೊಡಲು ಬರುತ್ತದೆ. ಮುದುಕನಿಗೆ ಇದಕ್ಕಿಂತ ಹೆಚ್ಚಿನ ಹೆಮ್ಮೆ ಯಾವುದು?

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸೃಷ್ಟಿ ಮಾತ್ರ ಅವ್ವನ ಮುಖ ನೋಡುತ್ತಿದ್ದಳು. ಅಷ್ಟು ಜನರ ನಡುವೆ ಅವಳ ಸೆರಗು ಹಿಡಿದು, ಗಟ್ಟಿಯಾಗಿಯೇ ಕೇಳಿದಳು:

"ಯವ್ವಾ, ನಾ ಹೋಗಲೇಬೇಕೇನಬೇ?"