ದೇವಿಯ ಮುಖಕ್ಕೆ ಜಾಲರಿ

ಕೊಟ್ಟೂರಿನ ಗುರುಶಾಂತ ಸಾವ್ಕಾರನ ಶೇಂಗಾ ಗಿರಣಿಯಲ್ಲಿ ಸುಲಿಯುವ ಯಂತ್ರಕ್ಕೆ ಒಂದು ಕಬ್ಬಿಣದ ಜಾಲರಿ ಇತ್ತು. ತಿರುಗುವ ಚಕ್ರಕ್ಕೆ, ಬೆಲ್ಟಿಗೆ ಯಾರ ಕೈಯೂ ಸೆರಗೂ ಸಿಗದಿರಲಿ ಎಂದು ಯಂತ್ರ ಮಾಡಿದವರೇ ಕೊಟ್ಟದ್ದು. ಆಯುಧ ಪೂಜೆಯ ದಿನ ಅದನ್ನು ಬಿಚ್ಚಿದರು. ಚಕ್ರಕ್ಕೆ ವಿಭೂತಿ, ಕುಂಕುಮ ಹಚ್ಚಬೇಕಲ್ಲ. ಪೂಜೆ ಮುಗಿದ ಮೇಲೆ ಜಾಲರಿ ಹಾಕೋಣವೇ ಎಂದು ಕೇಳಿದವಳು ಅಲ್ಲಿ ದುಡಿಯುವ ಮಾಳಮ್ಮ. ಪೂಜೆಗೊಂಡ ದೇವಿಯ ಮುಖ ಮುಚ್ಚುತ್ತಾರೇನು ಎಂದು ಸಾವ್ಕಾರನ ತಾಯಿ ಗುರುಬಸಮ್ಮ ಗದರಿಬಿಟ್ಟಳು. ಹೂವು ಬಾಡಿತು, ಕಟ್ಟಿದ ಬಾಳೆಕಂಬ ದನದ ಬಾಯಿಗೆ ಹೋಯಿತು, ಜಾಲರಿ ಮಾತ್ರ ಮೂಲೆಯ ಖಾಲಿ ಚೀಲಗಳಡಿ ಉಳಿಯಿತು. ದೇವಿಗೆ ಉಸಿರು ಕಟ್ಟಬಾರದು ನೋಡಿ, ಆಳಿನ ಕೈ ಹೋದರೆ ಹೋಗಲಿ!

ದೀಪಾವಳಿ ಕಳೆದ ಮೇಲೆ, ಸಿಕ್ಕಿಕೊಂಡ ಸಿಪ್ಪೆ ಬಳಿಯಲು ಬಾಗಿದ ಮಾಳಮ್ಮನ ಸೆರಗು ಬೆಲ್ಟಿಗೆ ಸಿಕ್ಕಿತು. ಬಿಡಿಸಲು ಹೋದ ಬಲಗೈಯನ್ನೂ ಅದು ಎಳೆಯಿತು. ದಾವಣಗೆರೆಯ ಆಸ್ಪತ್ರೆಯಿಂದ ಬಂದಾಗ ಆ ಕೈಯಲ್ಲಿ ಹೆಬ್ಬೆರಳು, ಕಿರುಬೆರಳು ಎರಡೇ ಇದ್ದವು.

ಆಸ್ಪತ್ರೆಯ ಖರ್ಚು ಸಾವ್ಕಾರನೇ ನೋಡಿಕೊಂಡ. ಅವನಂಥ ಧರ್ಮಾತ್ಮ ಇಲ್ಲ ಎಂದು ಊರೆಲ್ಲ ಡಂಗುರವಾಯಿತು. ಆ ಧರ್ಮಾತ್ಮ ಒಂದು ಸಂಜೆ ಮಾಳಮ್ಮನ ಮನೆಗೆ ಬಂದ, ಹೊಸ್ತಿಲ ಹೊರಗೇ ನಿಂತ. ಕಾರ್ಖಾನೆ ನಿರೀಕ್ಷಕರು ಬರುತ್ತಾರೆ, ಸಿಪ್ಪೆ ತೆಗೆಯಲು ಜಾಲರಿ ನಾನೇ ಬಿಚ್ಚಿದ್ದೆ ಎಂದು ಹೇಳಿಬಿಡು, ಗಿರಣಿಯಲ್ಲಿ ಕಸ ಹೊಡೆಯುವ ಕೆಲಸ ಕಾಯಂ ಎಂದು ಮೂಗಿಗೆ ತುಪ್ಪ ಸವರಿದ. ಹೇಳದಿದ್ದರೆ ಊರಿನ ಯಾವ ಗಿರಣಿಯೂ ಅವಳನ್ನು ಒಳಗೆ ಬಿಡುವುದಿಲ್ಲವಂತೆ.

ಅವನು ಅತ್ತ ಹೋದದ್ದೇ ತಡ, ಮಾಳಮ್ಮ ಅಣ್ಣನ ಮಗಳು ಸಮತಾಗೆ ಫೋನು ಹಚ್ಚಿದಳು. ಸಮತಾ ಹರಪನಹಳ್ಳಿಯಲ್ಲಿ ವಕೀಲೆ. ದುಡಿಯುವಾಗ ಪೆಟ್ಟಾದರೆ ಪರಿಹಾರ ಕೇಳುವುದು ಹಕ್ಕು, ಅದು ಯಾರ ಭಿಕ್ಷೆಯೂ ಅಲ್ಲ, ಆಸ್ಪತ್ರೆಗೆ ಕೊಟ್ಟೆನೆಂದು ಮಾಲೀಕ ಅದನ್ನು ತಪ್ಪಿಸಿಕೊಳ್ಳುವಂತಿಲ್ಲ ಎಂದಳು. ಆದರೆ ಕಾವಲಿನ ಜಾಲರಿಯನ್ನು ಬೇಕೆಂದೇ ತಾನೇ ಬಿಚ್ಚಿದ್ದಾಗಿ ಒಪ್ಪಿಕೊಂಡರೆ ಇಂಥ ಗಾಯಕ್ಕೆ ಪರಿಹಾರ ಕೈತಪ್ಪಬಹುದು.

"ಅತ್ತಿ, ಆ ಒಂದ ಮಾತಿನ ಮ್ಯಾಲೆ ನಿನ್ನ ಹಕ್ಕು ನಿಂತೈತಿ," ಎಂದಳು ಸಮತಾ. "ಜಾಲರಿ ಬಿಚ್ಚಿಸಿದ್ದು ಯಾರು ಅಂತ ನೋಡಿದವ್ರು ಯಾರರ ಹೇಳಬೇಕು."

ನೋಡಿದವರು ಗಿರಣಿಯ ತುಂಬ ಇದ್ದರು. ಬಾಯಿ ಬಿಡುವವರು ಒಬ್ಬರೂ ಇರಲಿಲ್ಲ. ವರ್ಷಗಟ್ಟಲೆ ಪಕ್ಕದಲ್ಲೇ ಕೂತು ಕಾಳು ಆರಿಸಿದ ಪಂಪಮ್ಮ ಕೂಡ, ಮಕ್ಕಳು ಸಣ್ಣವರು ಎಂದು ನೆಲ ನೋಡಿದಳು. ಮಾಳಮ್ಮನಿಗೆ ಮೈಯೆಲ್ಲ ಉರಿಯಿತು, ಆದರೆ ಪಂಪಮ್ಮನ ಮೇಲಲ್ಲ.

ನಿರೀಕ್ಷಕರು ಬಂದ ದಿನ ಅವಳು ಸೆರಗನ್ನು ಸೊಂಟಕ್ಕೆ ಬಿಗಿದು ಗಿರಣಿಗೆ ಹೋದಳು. ನೋಡಿದರೆ ಜಾಲರಿ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿದೆ! ಯಾವಾಗಲೂ ಹೀಗೇ ಇರುತ್ತದೆ ಸಾಹೇಬ್ರೇ, ಆ ಒಂದು ದಿನ ಇವಳೇ ಬಿಚ್ಚಿಕೊಂಡಳು ಎಂದು ಗುರುಶಾಂತ ಸುಳ್ಳನ್ನು ನೀರು ಕುಡಿದಷ್ಟು ಸಲೀಸಾಗಿ ಹೇಳಿದ. ಹೆಂಗಸರು ತಲೆ ಎತ್ತಲಿಲ್ಲ. ಬಾಗಿಲ ಬಳಿ ಕುರ್ಚಿಯಲ್ಲಿ ಗುರುಬಸಮ್ಮ ಕೂತಿದ್ದಳು. ನೀನೇನು ಹೇಳುತ್ತೀ ಎಂದು ನಿರೀಕ್ಷಕರು ಕೇಳಿದಾಗ ಮಾಳಮ್ಮ ಅವರಿಗೆ ಉತ್ತರ ಕೊಡದೆ ಮುದುಕಿಯ ಕಡೆ ತಿರುಗಿದಳು.

"ಅಮ್ಮಾರ, ಜಾಲರಿ ಯಾವತ್ತೂ ಇತ್ತು ಅಂತಾರ ನಿಮ್ಮ ಮಗ. ಹಂಗಾದ್ರ ಆಯುಧ ಪೂಜಿ ದಿನ ನೀವು ಕುಂಕುಮ ಹಚ್ಚಿದ್ದು ಜಾಲರಿಗೇನ್ರಿ, ದೇವಿಗೇನ್ರಿ?"

ನಮ್ಮ ಗಿರಣಿಯಂಥ ಪೂಜೆ ಸೀಮೆಯಲ್ಲೇ ಇಲ್ಲ ಎಂದು ಗುರುಬಸಮ್ಮ ಕಂಡಕಂಡವರಿಗೆ ಹೇಳಿಕೊಂಡು ತಿರುಗಿದವಳು. ಮಗನಿಗಾಗಿ ಅವಳು ಎಂಥ ಸುಳ್ಳನ್ನಾದರೂ ನುಂಗಿಯಾಳು. ಆದರೆ ತನ್ನ ಪೂಜೆ ನೆಟ್ಟಗಿರಲಿಲ್ಲ ಎಂಬ ಮಾತನ್ನು, ಅದೂ ಇಷ್ಟು ಹೆಂಗಸರ ಮುಂದೆ? ಮುದುಕಿ ಎದ್ದು ನಿಂತಳು.

"ಜಾಲರಿಗೆ ಕುಂಕುಮ ಹಚ್ಚಾಕಿ ಅಲ್ಲ ನಾನು. ನಾನ ನಿಂತು ಬಿಚ್ಚಿಸೀನಿ. ಮತ್ತ ಹಾಕಬ್ಯಾಡ್ರಿ ಅಂದಾಕಿನೂ ನಾನ."

ನಿರೀಕ್ಷಕರು ಬರೆದುಕೊಳ್ಳತೊಡಗಿದರು. ಆಗ ಪಂಪಮ್ಮ ತಲೆ ಎತ್ತಿ, ಹಾಕೋಣವೇ ಎಂದು ಮಾಳಕ್ಕ ಅವತ್ತೇ ಕೇಳಿದ್ದಳು ಎಂದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು ಹೌದು ಹೌದು ಎಂದರು. ಮಾಳಮ್ಮನ ಕಣ್ಣು ತುಂಬಿದವು, ಒರೆಸಿಕೊಳ್ಳಲಿಲ್ಲ.

ನಿರೀಕ್ಷಕರ ಜೀಪು ಹೋದ ಮೇಲೂ ಮುದುಕಿಯ ಸಿಟ್ಟು ಇಳಿದಿರಲಿಲ್ಲ. ಈಗಲೇ ಆ ಜಾಲರಿ ಕೀಳಿರಿ ಎಂದಳು. ಒಂದು ಕೈಯೂ ಮೇಲೇಳಲಿಲ್ಲ.

ಮಾಳಮ್ಮ ಗೋಡೆಯ ಗೂಡಿನತ್ತ ನಡೆದಳು. ದೇವರ ಪಟದ ಮುಂದೆ ಕುಂಕುಮದ ಭರಣಿ ಇತ್ತು. ಅವಳಂಥವರು ಅದನ್ನು ಇದುವರೆಗೆ ಮುಟ್ಟಿದವರಲ್ಲ. ಉಳಿದ ಹೆಬ್ಬೆರಳನ್ನು ಅದರಲ್ಲಿ ಅದ್ದಿದಳು, ಬಂದು ಜಾಲರಿಗೆ ಉದ್ದಕ್ಕೆ ಒತ್ತಿದಳು.

"ಇನ್ನ ಮ್ಯಾಲೆ ಪೂಜಿ ಇದಕ್ಕ, ಅಮ್ಮಾರ," ಎಂದಳು. "ದೇವಿಗೆ ನನ್ನ ಮೂರು ಬೆರಳು ಸಾಕು."

ಪಂಪಮ್ಮ ಎದ್ದು ಹೋಗಿ ಯಂತ್ರದ ಗುಂಡಿ ಒತ್ತಿದಳು. ಜಾಲರಿಯ ಹಿಂದೆ ಚಕ್ರ ತಿರುಗತೊಡಗಿತು.