ಕಪ್ಪಾಗಿ ಕಂಡ ಕಡಲು

ಒದ್ದೆಯಾದ ಉಪ್ಪುಮೀನಿನ ವಾಸನೆ ಬಂದರೆ ಮಂಜು ಇಳಿದಿದೆ ಎಂದೇ ಅರ್ಥ. ಚಿಕ್ಕಂದಿನಲ್ಲಿ, ಅಮೆರಿಕದ ಕಡಲ ತಡಿಯ ಊರು ಗ್ಲಾಸ್ಟರಿನ ನಮ್ಮ ಹಿತ್ತಲಿನಲ್ಲಿ ಅಮ್ಮ ಒಣಹಾಕಿದ ಮೀನನ್ನು ನಾನೂ ತಮ್ಮ ಸೆರಾಫಿಮನೂ ಓಡೋಡಿ ಮುಚ್ಚುತ್ತಿದ್ದೆವು.

ಅರವತ್ತನಾಲ್ಕರ ಸೆಪ್ಟೆಂಬರಿನಲ್ಲಿ ನಾನು ಮೇರಿಲ್ಯಾಂಡಿನ ಹವಾಮಾನ ಕಚೇರಿಯೊಂದರಲ್ಲಿ ಉಪಗ್ರಹದ ಚಿತ್ರಗಳನ್ನು ಓದುತ್ತಿದ್ದೆ. ಅವಕೆಂಪು ಕಿರಣದ ಆ ಚಿತ್ರಗಳು ಬೆಳಕನ್ನಲ್ಲ, ಶಾಖವನ್ನು ತೋರಿಸುತ್ತಿದ್ದವು. ಎತ್ತರದ ತಣ್ಣನೆಯ ಮೋಡ ಬಿಳಿ, ಬೆಚ್ಚನೆಯ ಕಡಲು ಕಪ್ಪು.

ಬಿರುಗಾಳಿಗೆ ಸಿಕ್ಕಿ ಎರಡು ದೋಣಿಗಳು ಕಾಣೆಯಾಗಿದ್ದವು. ಉತ್ತರದಲ್ಲಿ ನೀರು ಸೋರುತ್ತಿದ್ದ ಸೆರಾಫಿಮನ ದೋಣಿ, ದಕ್ಷಿಣದಲ್ಲಿ ಬೇರೆ ಆರು ಜನರದು. ಹುಡುಕಲು ಇದ್ದದ್ದು ಒಂದೇ ವಿಮಾನ. ಆಕಾಶ ಎಲ್ಲಿ ತಿಳಿಯಾಗಿದೆಯೋ ಅಲ್ಲಿಗೆ ಹೋಗಬೇಕು. ಬೆಳಿಗ್ಗೆ ಬಂದ ಶಾಖದ ಚಿತ್ರದಲ್ಲಿ ದಕ್ಷಿಣ ಬೆಳ್ಳಗಿತ್ತು, ಉತ್ತರ ಕಪ್ಪಗಿತ್ತು. ‘ಉತ್ತರದಲ್ಲಿ ಆಕಾಶ ತಿಳಿ’ ಎಂದು ನಾನೇ ಬರೆದುಕೊಟ್ಟೆ.

ಹತ್ತು ಗಂಟೆಗೆ, ಫಿಲ್ಮ್ ತೊಳೆಯುವ ಮಿಸೆಸ್ ಟಿಲ್‌ಮನ್ ಹಗಲಿನ ಕ್ಯಾಮೆರಾ ಚಿತ್ರ ತಂದರು. ಅದರಲ್ಲಿ ಉತ್ತರವೆಲ್ಲ ಹಾಲು ಚೆಲ್ಲಿದಂತಿತ್ತು. ದಕ್ಷಿಣದಲ್ಲಿ ಎತ್ತರದ ತೆಳು ಮೋಡದ ಪೊರೆಯಷ್ಟೇ. ಆಗ ಹೊಳೆಯಿತು: ನೀರಿಗಂಟಿದ ಮಂಜು ಕಡಲಷ್ಟೇ ಬೆಚ್ಚಗಿರುತ್ತದೆ. ಅದಕ್ಕೇ ಶಾಖದ ಚಿತ್ರದಲ್ಲಿ ಅದೂ ಕಪ್ಪು.

ವಿಮಾನ ಏರಲು ಕಾಲು ಗಂಟೆಯಿತ್ತು. ಸುಮ್ಮನಿದ್ದರೆ ಅದು ಸೆರಾಫಿಮನತ್ತ ಹೋಗುತ್ತಿತ್ತು. ಮಂಜಿನಲ್ಲಿ ಎಲ್ಲೋ ಒಂದು ಕಿಂಡಿ ಇದ್ದೀತು ಎಂದು ಮನಸ್ಸು ಅಂಗಲಾಚಿತು. ಮುಖ್ಯಸ್ಥ ಹಾಲ್ವರ್ಸನ್ನರ ಮೇಜಿನ ಮುಂದೆ ಹೋಗಿ ನಿಂತೆ.

“ಸರ್, ಉತ್ತರದಲ್ಲಿ ಮಂಜಿದೆ. ವಿಮಾನ ದಕ್ಷಿಣಕ್ಕೆ ಕಳಿಸಿ.”

“ಬೆಳಿಗ್ಗೆ ತಿಳಿ ಅಂದೋಳೂ ನೀನೇ. ಗಂಟೆಗೊಂದು ಆಕಾಶ ಮಾಡ್ತೀಯೇನಮ್ಮ?”

“ತಪ್ಪು ಓದ್ಬಿಟ್ಟೆ, ಸರ್.”

ಅವರು ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ದನಿ ಇಳಿಯಿತು.

“ಉತ್ತರದ್ದು ನಿನ್ನ ತಮ್ಮನ ದೋಣಿ ಅಲ್ವಾ?”

“ಹೌದು.”

“ಇನ್ನೊಂದ್ಸಲ ನೋಡ್ತೀಯಾ?”

“ನೋಡಾಯ್ತು. ಬೇಗ ಫೋನ್ ಮಾಡಿ ಸರ್, ನನ್ನ ಮನಸ್ಸು ತಿರುಗೋಕ್ ಮುಂಚೆ.”

ಮೂರು ಗಂಟೆಗೆ ಸುದ್ದಿ ಬಂತು: ಆರೂ ಜನ ಬದುಕಿದ್ದಾರೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನನ್ನು ಕಂಡು ನಿಲ್ಲಿಸಿದರು. ಆಮೇಲೆ ಇಂಧನ ತುಂಬಿಕೊಂಡು ಉತ್ತರಕ್ಕೆ ಹೋದ ವಿಮಾನಕ್ಕೆ ಮಂಜಿನಲ್ಲಿ ನೀರೇ ಕಾಣಲಿಲ್ಲವಂತೆ. “ನಾಳೆ ಬೆಳಿಗ್ಗೆ ಮತ್ತೆ ಹೋಗ್ತಾರೆ,” ಎಂದರು ಹಾಲ್ವರ್ಸನ್, ನನ್ನ ಮುಖ ನೋಡದೆ. ಸೋರುವ ದೋಣಿಗೆ ಒಂದು ರಾತ್ರಿಯೆಂದರೆ ಏನೆಂದು ಮೀನುಗಾರರ ಮಗಳಿಗೆ ಯಾರೂ ಹೇಳಬೇಕಿಲ್ಲ.

ಎಲ್ಲರೂ ಮನೆಗೆ ಹೊರಟರು. ನಾನು ಫೋನಿನ ಪಕ್ಕ ಕುಳಿತೇ ಇದ್ದೆ. ಮಿಸೆಸ್ ಟಿಲ್‌ಮನ್ ಕೋಟು ಹಾಕಿಕೊಂಡವರು ಮತ್ತೆ ತೆಗೆದಿಟ್ಟರು. ಕೆಲಸದ ಗಡಿಬಿಡಿಯಲ್ಲಿ ಮಧ್ಯಾಹ್ನ ತಾವೂ ಮುಟ್ಟದ ಡಬ್ಬಿ ತೆರೆದು, ಒಳಗಿದ್ದ ಅಲಸಂದೆ ಕಾಳು, ಮೆಕ್ಕೆಜೋಳದ ಬ್ರೆಡ್ಡಿನ ಮೇಲೆ ಒರೆಸಿದ ಚಮಚ ಇಟ್ಟು, ನನ್ನ ಕೈಗಿತ್ತರು.