ತಡ್ಪೆಗಳನ್ನು ಒಳಗಿಟ್ಟ ದಿನ

ಉದ್ಘಾಟನೆಗೆ ಎರಡು ದಿನ ಇರುವಾಗ ಗ್ರಂಥಪಾಲಕ ಜಯಪ್ರಕಾಶ್ ನಮ್ಮ ಅಂಗಳಕ್ಕೆ ಬಂದ. ಒಳಗೆ ಬಾ ಎಂದರೂ ಬರಲಿಲ್ಲ.

"ಹರಿಣಾಕ್ಷಿಯಕ್ಕಾ, ಶನಿವಾರ ಎಲ್ಲರೂ ಬನ್ನಿ. ತಡ್ಪೆ ಮಾತ್ರ ಕಾಣುದು ಬೇಡ. ಫೋಟೋದಲ್ಲಿ ಚಂದ ಇರುದಿಲ್ಲ ಅಂತ ಅಧ್ಯಕ್ಷರು ಹೇಳಿದ್ದಾರೆ."

"ಎಂತದ್ದರ ಉದ್ಘಾಟನೆ?"

"ಮಹಿಳಾ ಓದು ಬಳಗದ್ದು."

"ಅದು ಮೂರು ವರ್ಷದಿಂದ ನಡೀತಾ ಉಂಟಲ್ಲ ಮಾರಾಯ!"

"ನಡೀತಾ ಉಂಟು. ಉದ್ಘಾಟನೆ ಆಗ್ಲಿಲ್ಲ," ಎಂದು ಅವನು ತಲೆ ತುರಿಸಿಕೊಂಡ.

ಪುತ್ತೂರು-ಸುಳ್ಯ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಊರಿನ ಗ್ರಂಥಾಲಯ. ಅದಕ್ಕೊಂದು ಕೆಂಪು ನೆಲದ ವರಾಂಡ. ಮಂಗಳವಾರ ಮಧ್ಯಾಹ್ನ ಬೀಡಿ ಕಟ್ಟುವ ನಾವು ಎಲೆ, ಹೊಗೆಸೊಪ್ಪು, ನೂಲು ತುಂಬಿದ ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿಟ್ಟು ಅಲ್ಲಿ ಕೂರುತ್ತೇವೆ. ಒಬ್ಬಳು ಓದುತ್ತಾಳೆ, ಉಳಿದವರು ಕಟ್ಟುತ್ತಾ ಕೇಳುತ್ತಾರೆ. ಓದುವವಳ ಕೈಗೆ ಕೆಲಸವಿಲ್ಲವಲ್ಲ, ಅವಳ ಪಾಲಿನ ಬೀಡಿಯನ್ನೂ ಎಲ್ಲರೂ ಸೇರಿ ಕಟ್ಟಿ ಅವಳ ತಡ್ಪೆಗೆ ಹಾಕುತ್ತಾರೆ. ಹೀಗೆ ಮಾಡಬೇಕೆಂದು ಯಾರೂ ನಿಯಮ ಮಾಡಿರಲಿಲ್ಲ. ಮೊದಲ ಸಲ ನಾನು ಒಂದು ಅಧ್ಯಾಯ ಓದಿ, ಕೆಲಸ ಬಾಕಿ ಉಂಟೆಂದು ಪುಸ್ತಕ ಮುಚ್ಚಿದಾಗ, ಕಲ್ಲುಗುಂಡಿಯಿಂದ ಮದುವೆಯಾಗಿ ಬಂದ ಝುಲೈಖಾ ನನ್ನ ತಡ್ಪೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ನೀನು ಓದು, ನಿನ್ನದ್ದು ನಾವು ಕಟ್ತೇವೆ" ಎಂದಳು. ಬಳಗ ಶುರುವಾದದ್ದು ಆ ಮಾತಿನಿಂದ.

ತಡ್ಪೆ ಇಲ್ಲದಿದ್ದರೆ ಓದೂ ಇಲ್ಲ. ಬರಿಗೈಯಲ್ಲಿ ಕತೆ ಕೇಳಲು ಹೋಗುತ್ತೇನೆಂದರೆ ನಮ್ಮಲ್ಲಿ ಯಾವ ಮನೆಯಲ್ಲೂ ಬಿಡುವುದಿಲ್ಲ. ಜಯಪ್ರಕಾಶನಿಗೂ ಅದು ಗೊತ್ತಿತ್ತು.

ಶನಿವಾರ ಹೋದೆವು. ಕಾರ್ಯಕ್ರಮ ಮುಗಿದ ಮೇಲೆ ಓದುವುದೆಂದು ತಡ್ಪೆಗಳನ್ನು ತಂದೇ ಇದ್ದೆವು. ಜಯಪ್ರಕಾಶ್ ಅವನ್ನೆಲ್ಲ ತೆಗೆದುಕೊಂಡು ಹೋಗಿ, ಮುರಿದ ಕಪಾಟುಗಳಿರುವ ಹಿಂದಿನ ಕೋಣೆಯಲ್ಲಿಟ್ಟು ಚಿಲಕ ಹಾಕಿದ.

"ಎಂತ, ನಮ್ಮದು ಕದ್ದ ಮಾಲಾ?" ಎಂದರು ದೇವಮ್ಮ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು, ಪಂಜದ ಕಡೆಯವರು.

ಅಂಗಳದಲ್ಲಿ ಶಾಮಿಯಾನ. ವರಾಂಡವೇ ವೇದಿಕೆ. ನಾವು ಕೂರುವ ಜಾಗದಲ್ಲಿ ಮೇಜು, ದೀಪ, ಸಾಲಾಗಿ ಗಂಡಸರು. ಹಿಂದಿನ ಬ್ಯಾನರಿನಲ್ಲೂ ಅವರದೇ ಮುಖಗಳು. ನಾವು ಓದುತ್ತಿದ್ದ ಕಾದಂಬರಿಯನ್ನು ದೀಪದ ಪಕ್ಕ ಹೂವಿನ ಜೊತೆ ಇಟ್ಟಿದ್ದರು. ಅದರಲ್ಲಿ ಗಂಡನ ಮನೆ ಬಿಟ್ಟು ಬಂದವಳೊಬ್ಬಳು ಹೊಳೆಯ ಕಡವಿನಲ್ಲಿ ದೋಣಿ ಕಾಯುತ್ತಾ ನಿಂತಿದ್ದಳು. ಮಂಗಳವಾರ ಅಲ್ಲಿಗೆ ನಿಲ್ಲಿಸಿದ್ದಕ್ಕೆ ದೇವಮ್ಮ ನಾಲ್ಕು ದಿನದಿಂದ ನನಗೆ ಬೈಯುತ್ತಿದ್ದರು.

ಹೊಸ ಕುರ್ಚಿಗಳನ್ನು ದಾನ ಮಾಡಿದ ಜ್ಞಾನಸೇತು ಸಮಿತಿಯ ಅಧ್ಯಕ್ಷರು ಮೈಕ್ ಹಿಡಿದರು. "ಹೆಂಗಸರು ಮೊಬೈಲು, ಸೀರಿಯಲ್ಲು ಬಿಟ್ಟು ಪುಸ್ತಕ ಹಿಡಿಯಬೇಕು. ಅದಕ್ಕೆ ಈ ದಿನ ನಾವು ನಾಂದಿ ಹಾಡಿದ್ದೇವೆ."

"ಇವರು ಯಾವ ಪುಸ್ತಕ ಓದಿದ್ದಾರೆ ಕೇಳು," ಝುಲೈಖಾ ನನ್ನನ್ನು ತಿವಿದಳು.

"ಬ್ಯಾನರ್ ಓದಿದ್ದಾರೆ," ಎಂದರು ದೇವಮ್ಮ.

ನಗು ತಡೆಯುವಷ್ಟರಲ್ಲಿ ಅಧ್ಯಕ್ಷರ ಮುಂದಿನ ಮಾತು ಬಂತು. "ಇನ್ನು ಮುಂದೆ ಓದು ಒಳಗಿನ ಹಾಲ್‌ನಲ್ಲಿ, ಕುರ್ಚಿಯ ಮೇಲೆ. ಹೊಗೆಸೊಪ್ಪಿನ ವಾಸನೆ ಈ ಜ್ಞಾನಮಂದಿರಕ್ಕೆ ಶೋಭೆಯಲ್ಲ. ತಡ್ಪೆಗಳಿಗೆ ಇವತ್ತೇ ವಿದಾಯ."

ಚಪ್ಪಾಳೆ ಬಿತ್ತು. ನೋಡಿದರೆ ನನ್ನ ಕೈಗಳೂ ತಟ್ಟುತ್ತಿದ್ದವು. ವೇದಿಕೆಯಿಂದ ಏನು ಹೇಳಿದರೂ ತಟ್ಟುವ ಅಭ್ಯಾಸ. ಮೊದಲು ಸಿಟ್ಟು ಬಂದದ್ದು ಆ ಕೈಗಳ ಮೇಲೆ. ಆ ವಾಸನೆ ನಮಗೆ ಚಂದವೆಂದು ಇವರಿಗೆ ಯಾರು ಹೇಳಿದರು? ಅನ್ನ ಕಲಸುವಾಗ, ಮಗುವಿನ ಮುಖ ಒರೆಸುವಾಗ ಬೆರಳಿಂದ ಅದೇ ವಾಸನೆ. ಅದರ ನಡುವೆ ಒಂದು ಮಧ್ಯಾಹ್ನವನ್ನು ನಾವೇ ಬಿಡಿಸಿಕೊಂಡಿದ್ದೆವು. ಅದನ್ನು ಕಸಿದುಕೊಂಡು, ಅದಕ್ಕೇ ದೀಪ ಹಚ್ಚಿದ್ದರು.

"ಈಗ ವಂದನಾರ್ಪಣೆ, ಶ್ರೀಮತಿ ಹರಿಣಾಕ್ಷಿಯವರಿಂದ."

ಜಯಪ್ರಕಾಶ್ ಹೆಸರುಗಳ ಚೀಟಿ ಕೊಟ್ಟ. ಅದುವರೆಗೂ ನನ್ನ ಸಿಟ್ಟನ್ನೆಲ್ಲ ಬಾವಿಕಟ್ಟೆಯಲ್ಲಿ, ಪಾತ್ರೆ ಕುಕ್ಕಿ ತೀರಿಸಿದವಳು ನಾನು. ಅದಕ್ಕೆ ಮೈಕ್ ಸಿಕ್ಕಿದ್ದು ಅಂದೇ.

"ಈ ಬಳಗ ಶುರು ಮಾಡಿದವಳು ಝುಲೈಖಾ. ಧನ್ಯವಾದ ಅವಳಿಗೆ," ಎಂದೆ. "ನಾನು ಓದುವಾಗ ನನ್ನ ಬೀಡಿ ಕಟ್ಟಿದ ಎಲ್ಲರಿಗೆ ಧನ್ಯವಾದ. ಬೀಡಿ ಕಟ್ಟಬೇಡಿ ಅಂತ ಹೇಳುವವರು ಬೇರೆ ಕೆಲಸ ಕೊಟ್ಟು ಹೇಳಲಿ, ನಾಳೆಯೇ ಬಿಡ್ತೇವೆ. ಕುರ್ಚಿ ನಾವು ಕೇಳ್ಲಿಲ್ಲ. ತಡ್ಪೆ ಬೇಡ ಅಂದ್ರೆ ನಾವೂ ಬೇಡ ಅಂತ ಅರ್ಥ."

ಅಧ್ಯಕ್ಷರು ನಕ್ಕರು. "ಆಯ್ತಮ್ಮ, ಹೆಸರು ಓದಿ ಮುಗಿಸಿ. ಊಟಕ್ಕೆ ಹೊತ್ತಾಯ್ತು."

ಆ ನಗು ನನ್ನ ಬಾಯಿ ಕಟ್ಟಿಬಿಡುತ್ತಿತ್ತೋ ಏನೋ. ಅಷ್ಟರಲ್ಲಿ ಹಿಂದಿನ ಕೋಣೆಯ ಚಿಲಕ ತೆಗೆದ ಸದ್ದು ಕೇಳಿತು. ದೇವಮ್ಮ ತಡ್ಪೆಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಬಂದರು. ಹಿಂದೆ ಝುಲೈಖಾ, ಅವಳ ಹಿಂದೆ ಉಳಿದವರು. ವರಾಂಡಕ್ಕೆ ಹತ್ತಿ, ಮೇಜಿನ ಮುಂದೆ, ಗಣ್ಯರ ಕಾಲ ಬುಡದಲ್ಲೇ, ಎಂದಿನ ಜಾಗದಲ್ಲಿ ಕೂತರು.

"ಏನಿದು?" ಎಂದು ಅಧ್ಯಕ್ಷರು ಎದ್ದರು.

"ನೀವು ಕೂತ್ಕೊಳ್ಳಿ ಮಾರಾಯ್ರೆ, ನಿಮಗೆ ಕುರ್ಚಿ ಉಂಟಲ್ಲ," ಎಂದರು ದೇವಮ್ಮ.

ನಾನು ಹೂವು ಸರಿಸಿ ಪುಸ್ತಕ ತೆಗೆದುಕೊಂಡೆ. ಮೊದಲ ಸಾಲು ಓದುವಷ್ಟರಲ್ಲಿ ಯಾರೋ ಮೈಕ್ ಬಂದ್ ಮಾಡಿದರು. ಮೂರು ವರ್ಷ ಮೈಕ್ ಇಲ್ಲದೆಯೇ ಓದಿದವಳು ನಾನು. ಸ್ವರ ಏರಿಸಿದೆ. ಗಣ್ಯರು ಒಬ್ಬೊಬ್ಬರಾಗಿ ನಮ್ಮನ್ನು ದಾಟಿ ಕೆಳಗಿಳಿಯತೊಡಗಿದರು.

"ಮಂಗಳವಾರ ಇಲ್ಲಿಗೆ ಬೀಗ ಹಾಕಿಸ್ತೇನೆ," ಅಧ್ಯಕ್ಷರು ಜಯಪ್ರಕಾಶನಿಗೆ ಹೇಳಿದ್ದು ನಮಗೂ ಕೇಳಿಸಿತು.

"ಹಾಕ್ಲಿ. ಮೆಟ್ಟಿಲಿಗೆ ಬೀಗ ಉಂಟಾ?" ಎಂದು ದೇವಮ್ಮ ಎಲೆ ಸುರುಟಿದರು. "ನೀನೆಂತ ನಿಲ್ಲಿಸಿದ್ದು? ದೋಣಿ ಬಂತಾ ಇಲ್ವಾ?"

ಝುಲೈಖಾ ನನ್ನ ತಡ್ಪೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ನಾನು ಪುಟ ತಿರುಗಿಸಿದೆ.